ತಾರಸಿ ತೋಟದ ಡ್ರಮ್ ಡ್ರಿಪ್: ನೀರು ಎಲ್ಲಿ ನಿಂತಿತು ಅಂತ ಹುಡುಕುವುದು ಹೇಗೆ

ಊರಿಂದ ಬಂದ ದಿನ ಬ್ಯಾಗು ಇಳಿಸುವ ಮೊದಲು ತಾರಸಿಗೆ ಓಡುವುದು ನನ್ನ ಚಾಳಿ. ಹೋದ ಏಪ್ರಿಲ್‌ನಲ್ಲಿ ಅರಸೀಕೆರೆಯಲ್ಲಿ ನಾಮಕರಣ ಮುಗಿಸಿಕೊಂಡು ಮೂರು ದಿನದ ಮೇಲೆ ಬೆಂಗಳೂರಿಗೆ ಬಂದಾಗ ಅಲ್ಲಿ ಕಂಡದ್ದು ನಂಬುವ ಹಾಗಿರಲಿಲ್ಲ. ನೆಲದ ಮೇಲಿನ ಕುಂಡಗಳಲ್ಲಿ ಮಣ್ಣು ಪಾಯಸದ ಹಾಗಾಗಿ ಮೆಣಸಿನ ಗಿಡಗಳು ಹಳದಿ ತಿರುಗಿದ್ದವು. ಅವುಗಳ ಬೆನ್ನಿಗೇ ಇರುವ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಟು ಕುಂಡ ಕಾದ ಹಂಚಿನಂತೆ ಒಣಗಿ, ಬದನೆ ಗಿಡಗಳು ತಲೆ ನೆಲಕ್ಕೆ ಹಾಕಿದ್ದವು. ಡ್ರಮ್ ಖಾಲಿ. ಎಲ್ಲಕ್ಕೂ ಒಂದೇ ಡ್ರಮ್, ಒಂದೇ ಪೈಪು, ಒಂದೇ ಅಂಗಡಿಯಲ್ಲಿ ತಂದ ಡ್ರಿಪ್ಪರ್ (ಕುಂಡಕ್ಕೆ ಹನಿಹನಿಯಾಗಿ ನೀರು ಬಿಡುವ ಪುಟ್ಟ ಬಿರಡೆ).

ಡ್ರಿಪ್ಪರ್ ಕಟ್ಟಿಕೊಂಡಿದೆ ಅಂತ ಎಂಟನ್ನೂ ಕಿತ್ತು ಪಿನ್ನು ಹಾಕಿ ಕೆದಕಿದೆ. ಒಳಗೆ ಏನೂ ಇಲ್ಲ. ಡ್ರಮ್ ತುಂಬಿಸಿ ನಲ್ಲಿ ತಿರುಗಿಸಿದರೆ ಎಂಟೂ ತೊಟ್ಟಿಕ್ಕಿದವು. ನಾನಿದ್ದಾಗ ಸರಿ, ನಾನಿಲ್ಲದಾಗ ಕೆಡುತ್ತದೆ ಅಂದರೆ ಏನರ್ಥ? ಅತ್ತೆ ಮೆಟ್ಟಿಲ ಹತ್ತಿರ ನಿಂತು ನೋಡುತ್ತಿದ್ದವರು ಕೇಳಿದರು: "ಹೋಗುವಾಗ ನಲ್ಲಿ ಎಷ್ಟು ತಿರುಗಿಸಿದ್ದೆಯಮ್ಮ?"

"ಸಣ್ಣಗೆ, ದಾರದ ಹಾಗೆ ಬಿಟ್ಟಿದ್ದೆ ಅತ್ತೆ. ಮೂರು ದಿನ ಬರಲಿ ಅಂತ."

ದೋಷ ಅಲ್ಲೇ ಇತ್ತು, ನನಗೆ ಅರ್ಥವಾಗಲು ಇನ್ನೊಂದು ವಾರ ಬೇಕಾಯಿತು. ಆ ವಾರದಲ್ಲಿ ಕಲಿತದ್ದು, ಆಮೇಲೂ ಪೆಟ್ಟು ತಿಂದು ಕಲಿತದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಡ್ರಮ್ ಇಟ್ಟು, ಪಂಪಿಲ್ಲದೆ, ಎತ್ತರದ ಬಲದಿಂದಲೇ ಹನಿ ನೀರು ಬಿಡುವವರಿಗೆ ಇದು.

ನಮ್ಮ ವ್ಯವಸ್ಥೆ ಇಷ್ಟು

200 ಲೀಟರಿನ ನೀಲಿ ಡ್ರಮ್, ಎರಡು ಅಡಿ ಎತ್ತರದ ಸಿಮೆಂಟ್ ಇಟ್ಟಿಗೆಯ ಕಟ್ಟೆ. ತುಂಬಿದ ಡ್ರಮ್ 200 ಕೆಜಿಗೂ ಮೀರುವುದರಿಂದ ತಾರಸಿಯ ನಡುಮಧ್ಯೆ ಇಡದೆ ಕೆಳಗೆ ಗೋಡೆ, ತೊಲೆ ಇರುವ ಮೂಲೆಯಲ್ಲಿ ಇಟ್ಟಿದ್ದೇವೆ. ಹಳೇ ಡ್ರಮ್ ಕೊಳ್ಳುವವರು ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿಕೊಳ್ಳಿ. ಆಸಿಡ್, ಕೀಟನಾಶಕ ಇದ್ದದ್ದಾದರೆ ಬಿಟ್ಟಿ ಕೊಟ್ಟರೂ ಬೇಡ. ಡ್ರಮ್ಮಿನ ತಳದಲ್ಲಿ ನಲ್ಲಿ (ಬಾಲ್ ವಾಲ್ವ್), ಅಲ್ಲಿಂದ ಫಿಲ್ಟರ್, ಆಮೇಲೆ 16 ಎಂಎಂ ಕಪ್ಪು ಪೈಪು, ಅದಕ್ಕೆ 24 ಡ್ರಿಪ್ಪರ್. ಹದಿನಾರು ನೆಲದ ಕುಂಡಗಳಿಗೆ, ಎಂಟು ಸ್ಟ್ಯಾಂಡಿಗೆ.

2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತಲ್ಲ, ಆಗ ಹುಟ್ಟಿದ ಡ್ರಮ್ ಇದು. ಅದೇ ವರ್ಷದ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ. ಕುಡಿಯುವ ನೀರು ಸೋಸುವ ಆರ್‌ಓ ಯಂತ್ರ ಹೊರಗೆ ಬಿಡುವ ನೀರು, ತರಕಾರಿ ತೊಳೆದ ನೀರು, ಬೋರ್‌ವೆಲ್ ಟ್ಯಾಂಕರಿನ ನೀರು, ಎಲ್ಲ ಅದರೊಳಗೆ. ಈ ಮಿತವ್ಯಯವೇ ಅರ್ಧ ದೋಷಗಳ ತಾಯಿ ಅಂತ ಆಗ ಗೊತ್ತಿರಲಿಲ್ಲ.

ಮೊದಲ ಪ್ರಶ್ನೆ: ಎಲ್ಲವೂ ಒಣಗಿದೆಯೋ, ಒಂದು ಸಾಲೋ, ಅಲ್ಲೊಂದು ಇಲ್ಲೊಂದೋ?

ಡ್ರಿಪ್ಪರಿಗೆ ಕೈ ಹಾಕುವ ಮೊದಲು ಇದನ್ನು ನೋಡಿ. ಎಲ್ಲ ಕುಂಡವೂ ಒಣಗಿದ್ದರೆ ತೊಂದರೆ ಡ್ರಮ್ಮಿನ ಕಡೆ ಇದೆ. ಒಂದು ಸಾಲು ಮಾತ್ರ ಒಣಗಿದ್ದರೆ ಆ ಸಾಲಿನ ಪೈಪಿನಲ್ಲೋ ಎತ್ತರದಲ್ಲೋ ಇದೆ. ಗೊತ್ತುಗುರಿಯಿಲ್ಲದೆ ಚದುರಿದಂತೆ ಒಣಗಿದ್ದರೆ ಮಾತ್ರ ಡ್ರಿಪ್ಪರ್ ಕಟ್ಟಿದೆ. ನಾನು ಮಾಡಿದ ಮೊದಲ ತಪ್ಪು ಇದೇ: ಒಂದು ಇಡೀ ಸಾಲು ಒಟ್ಟಿಗೆ ಒಣಗಿರುವಾಗ ಎಂಟು ಡ್ರಿಪ್ಪರೂ ಒಂದೇ ದಿನ ಕಟ್ಟಿಕೊಳ್ಳಲು ಅವೇನು ಮಾತಾಡಿಕೊಂಡಿವೆಯೇ ಅಂತ ಯೋಚಿಸಲಿಲ್ಲ.

ಕಣ್ಣಳತೆ ನಂಬಬೇಡಿ, ಲೋಟ ಇಡಿ. ಪ್ರತಿ ಡ್ರಿಪ್ಪರಿನ ಕೆಳಗೆ ಒಂದೊಂದು ಸ್ಟೀಲ್ ಲೋಟ ಇಟ್ಟು, ನಲ್ಲಿ ಪೂರ್ತಿ ತೆರೆದು, ಗಡಿಯಾರ ನೋಡಿ 10 ನಿಮಿಷ. ಮಕ್ಕಳಿಗೆ ಬೇಸಿಗೆ ರಜೆ ಇದ್ದರೆ ಈ ಕೆಲಸ ಅವರಿಗೆ ಕೊಡಿ. ನನ್ನ ಮಗ ಕೆಮ್ಮಿನ ಸಿರಪ್ಪಿನ ಜೊತೆ ಬಂದ ಅಳತೆ ಮುಚ್ಚಳದಿಂದ ಅಳೆದು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದ್ದಾನೆ, ಇನ್ನೂ ಅಳಿಸಿಲ್ಲ. ತುಂಬಿದ ಡ್ರಮ್ಮಿಗೆ ನಮ್ಮಲ್ಲಿ ನೆಲದ ಕುಂಡಕ್ಕೆ ಸುಮಾರು 220 ಮಿ.ಲೀ, ಸ್ಟ್ಯಾಂಡಿನ ಕುಂಡಕ್ಕೆ 150 ಮಿ.ಲೀ. ಈ ಲೆಕ್ಕ ಒಮ್ಮೆ ನಿಮ್ಮ ಹತ್ತಿರ ಇದ್ದರೆ ಆಮೇಲೆ ಕೆಟ್ಟಾಗ ಎಷ್ಟು ಕೆಟ್ಟಿದೆ ಅಂತ ಹೇಳಬಹುದು.

ಡ್ರಿಪ್ಪರಿನ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿರುತ್ತದೆ, ನಮ್ಮದು ಒಂದೂವರೆ ಲೀಟರೂ ಬರುವುದಿಲ್ಲ. ಇದು ದೋಷ ಅಲ್ಲ. ಆ 4 ಲೀಟರ್ ಒಂದು ಕೆಜಿ ಪ್ರೆಶರಿಗೆ, ಅಂದರೆ 10 ಮೀಟರ್ ಎತ್ತರದ ಟ್ಯಾಂಕಿಗೆ. ನಮ್ಮ ಡ್ರಮ್ಮಿನದು ಅದರ ಆರನೇ ಒಂದು ಭಾಗದಷ್ಟೂ ಇಲ್ಲ.

ಎಲ್ಲ ಕುಂಡಕ್ಕೂ ನೀರಿಲ್ಲ

ಡ್ರಮ್ಮಿನಲ್ಲಿ ನೀರಿದೆ, ನಲ್ಲಿ ತೆರೆದಿದೆ, ಆದರೂ ಹನಿ ಇಲ್ಲ. ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಮುಚ್ಚಳ ತೆಗೆಯಿರಿ. "ಗುಳ್" ಅಂತ ಸದ್ದಾಗಿ ಡ್ರಿಪ್ಪರುಗಳು ಮತ್ತೆ ಜೀವ ತಾಳಿದರೆ ಅಲ್ಲಿಗೆ ಪತ್ತೇದಾರಿ ಮುಗಿಯಿತು. ಸೊಳ್ಳೆ ಮೊಟ್ಟೆ ಇಡುತ್ತದೆ ಅಂತ ನಾವು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿರುತ್ತೇವೆ. ಗಾಳಿ ಒಳಗೆ ಹೋಗದಿದ್ದರೆ ನೀರು ಹೊರಗೆ ಬರದು. ಡ್ರಮ್ಮಿನ ಹೊಟ್ಟೆ ಸ್ವಲ್ಪ ಒಳಗೆ ಸೇದಿಕೊಂಡಿರುವುದೂ ಕಾಣುತ್ತದೆ. ಸೊಳ್ಳೆಯ ಭಯ ಸುಳ್ಳಲ್ಲ, ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ಹಾಗಾಗಿ ಮುಚ್ಚಳದಲ್ಲಿ ಕಿರುಬೆರಳಿನಷ್ಟು ತೂತು ಮಾಡಿ, ಮೇಲೆ ಸೊಳ್ಳೆಪರದೆಯ ತುಂಡನ್ನು ಅಂಟಿಸಿ.

ಮುಚ್ಚಳ ಸರಿಯಿದ್ದರೆ ಫಿಲ್ಟರ್. ವಾಲ್ವ್ ಮುಚ್ಚಿ, ಫಿಲ್ಟರ್ ಬಿಚ್ಚಿ, ಬರೀ ವಾಲ್ವ್ ತೆರೆದು ನೋಡಿ. ಬೆರಳು ಗಾತ್ರದ ಧಾರೆ ಬಂದರೆ ಡ್ರಮ್ ನಿರ್ದೋಷಿ, ಫಿಲ್ಟರಿನ ಜಾಲರಿ ತೊಳೆಯಿರಿ. ಧಾರೆಯೇ ಬರದಿದ್ದರೆ ಡ್ರಮ್ಮಿನ ಬಾಯಲ್ಲಿ ಎಲೆಯೋ ಕೊತ್ತಂಬರಿ ಕಡ್ಡಿಯೋ ಕೂತಿದೆ.

ಟೈಮರ್ ಹಾಕಿದವರಿಗೆ ಒಂದು ಮಾತು. ನಲ್ಲಿಗೆ ಸಿಕ್ಕಿಸುವ ಬ್ಯಾಟರಿ ಟೈಮರುಗಳಲ್ಲಿ ಎರಡು ಜಾತಿ. ಸೊಲೆನಾಯ್ಡ್ (ವಿದ್ಯುತ್ ಆಯಸ್ಕಾಂತದ ವಾಲ್ವ್) ಇರುವುದಕ್ಕೆ ತೆರೆದುಕೊಳ್ಳಲು ನೀರಿನ ಒತ್ತಡವೇ ಬೇಕು, ಡ್ರಮ್ಮಿನ ಎತ್ತರಕ್ಕೆ ಅದು ಟಿಕ್ ಅಂತ ಸದ್ದು ಮಾಡುತ್ತದೆ ಅಷ್ಟೇ, ನೀರು ಬಿಡುವುದಿಲ್ಲ. ಒಳಗೆ ಬಾಲ್ ವಾಲ್ವ್ ತಿರುಗುವ ಜಾತಿಯದನ್ನು ಕೇಳಿ ತನ್ನಿ. ಒತ್ತಡ ಏರಿಳಿದರೂ ಒಂದೇ ಸಮ ನೀರು ಬಿಡುವ, ಪ್ರೆಶರ್ ಕಾಂಪೆನ್ಸೇಟಿಂಗ್ ಅನ್ನುವ ದುಬಾರಿ ಡ್ರಿಪ್ಪರಿನದೂ ಇದೇ ಕಥೆ. ತೋಟಕ್ಕೆ ಅದು ಒಳ್ಳೆಯದು, ಡ್ರಮ್ಮಿಗೆ ಅಗ್ಗದ್ದೇ ವಾಸಿ. "ಇದು ಬೆಸ್ಟ್ ಕ್ವಾಲಿಟಿ ಮೇಡಂ" ಅಂತ ಅಂಗಡಿಯವರು ಕೊಟ್ಟದ್ದನ್ನು ತಂದು ನಾನು ಹತ್ತು ಡ್ರಿಪ್ಪರಿನ ದುಡ್ಡು ಕಳೆದುಕೊಂಡೆ.

ಒಂದು ಸಾಲು ಮಾತ್ರ ಒಣಗಿದೆ

ಇಲ್ಲಿ ನಿಧಾನವಾಗಿ ಓದಿ, ನನ್ನ ಬದನೆ ಗಿಡಗಳು ಸತ್ತದ್ದು ಇಲ್ಲೇ.

ಮೊದಲು ಸುಲಭದ್ದು. ಪೈಪನ್ನು ಉದ್ದಕ್ಕೂ ಕೈಯಲ್ಲಿ ಸವರುತ್ತಾ ಹೋಗಿ. ಬೇಸಿಗೆಯಲ್ಲಿ ತಾರಸಿ ಗಿಡಗಳದ್ದು ಮಾತ್ರ ಅಲ್ಲವಲ್ಲ. ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ವರ್ಷಕ್ಕಾಗುವಷ್ಟು ಸಾರಿನ ಪುಡಿಯ ಮೆಣಸಿನಕಾಯಿ, ಎಲ್ಲ ಅಲ್ಲೇ ಒಣಗಬೇಕು. ಒಮ್ಮೆ ಇಡೀ ಕೊನೇ ಸಾಲಿಗೆ ನೀರಿಲ್ಲ. ಸವರುತ್ತಾ ಹೋದರೆ ಸಂಡಿಗೆಯ ಪಂಚೆ ಹಾರದಿರಲಿ ಅಂತ ನಾಲ್ಕು ಮೂಲೆಗೆ ಇಟ್ಟ ಇಟ್ಟಿಗೆಗಳಲ್ಲಿ ಒಂದು ಸರಿಯಾಗಿ ಪೈಪಿನ ಮೇಲೆ ಕೂತಿದೆ. ಮಧ್ಯಾಹ್ನದ ಬಿಸಿಲಿಗೆ ಕಪ್ಪು ಪೈಪು ಮೆತ್ತಗಾಗಿರುತ್ತದೆ, ಇಟ್ಟಿಗೆಯ ಭಾರಕ್ಕೆ ಚಪ್ಪಟೆಯಾಗಿ, ಸಂಜೆ ತಣಿದ ಮೇಲೂ ಹಾಗೇ ಉಳಿದಿತ್ತು. ಆ ಭಾಗ ಕತ್ತರಿಸಿ ಎರಡು ತುದಿ ಸೇರಿಸುವ ಜಾಯಿನರ್ ಹಾಕಿದೆ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಜಾಯಿನರ್ ಬೆಣ್ಣೆಯಂತೆ ಒಳಗೆ ಹೋಗುತ್ತದೆ.

ಎರಡನೆಯದು ಗಾಳಿ. ಪೈಪು ಎಲ್ಲಾದರೂ ಗೂನು ಬೆನ್ನಿನಂತೆ ಮೇಲೆದ್ದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪಂಪಿನ ಒತ್ತಡ ಅದನ್ನು ತಳ್ಳಿಬಿಡುತ್ತದೆ, ಡ್ರಮ್ಮಿನ ಒತ್ತಡಕ್ಕೆ ಅಷ್ಟು ಶಕ್ತಿ ಇಲ್ಲ. ಸಾಲಿನ ತುದಿಯ ಎಂಡ್ ಕ್ಯಾಪ್ ಬಿಚ್ಚಿ, ನಲ್ಲಿ ಪೂರ್ತಿ ತೆರೆಯಿರಿ. ಪುಸುಪುಸು ಅಂತ ಉಗುಳಿ ಕೊನೆಗೆ ಸಮನಾಗಿ ಹರಿಯುವವರೆಗೆ ಬಿಟ್ಟು ಮತ್ತೆ ಮುಚ್ಚಿ. ಹೊರಬಂದ ನೀರು ಬಕೆಟ್ಟಿಗೆ, ಚೆಲ್ಲಬೇಡಿ.

ಮೂರನೆಯದು ಎತ್ತರ. ನಮ್ಮ ಸ್ಟ್ಯಾಂಡಿನ ಡ್ರಿಪ್ಪರುಗಳು ತಾರಸಿಯಿಂದ ಮೂರು ಅಡಿ ಮೇಲಿವೆ. ಡ್ರಮ್ಮಿನ ತಳ ಎರಡಡಿ ಮೇಲೆ. ಡ್ರಮ್ಮಿನಲ್ಲಿ ಒಂದಡಿ ನೀರು ಉಳಿದಾಗ ಎರಡೂ ಸಮ. ಅಲ್ಲಿಂದ ಮುಂದೆ ಸ್ಟ್ಯಾಂಡಿಗೆ ಒಂದು ಹನಿಯೂ ಹತ್ತುವುದಿಲ್ಲ, ನೆಲದ ಕುಂಡಗಳು ಮಾತ್ರ ಕುಡಿಯುತ್ತಲೇ ಇರುತ್ತವೆ.

ಆದರೆ ಮೂರು ದಿನದಲ್ಲಿ ಬದನೆ ಸತ್ತದ್ದು ಇದೊಂದರಿಂದಲೇ ಅಲ್ಲ. ಡ್ರಮ್ ಮೊದಲ ದಿನ ತುಂಬಿತ್ತಲ್ಲ. ಅತ್ತೆಯ ಪ್ರಶ್ನೆಗೆ ಬರುತ್ತೇನೆ. ನಲ್ಲಿಯನ್ನು ದಾರದಷ್ಟು ತೆರೆದರೆ ಪೈಪಿಗೆ ಬರುವ ನೀರು, ಹದಿನಾರು ನೆಲದ ಡ್ರಿಪ್ಪರುಗಳು ಬಿಡಬಲ್ಲ ನೀರಿಗಿಂತ ಎಷ್ಟೋ ಕಡಿಮೆ. ಬಂದದ್ದು ಬಂದ ಹಾಗೆ ತಗ್ಗಿನಲ್ಲಿರುವವುಗಳಿಂದ ಹೊರಟುಹೋಗುತ್ತದೆ. ಪೈಪು ತುಂಬುವುದೇ ಇಲ್ಲ, ತುಂಬದ ಪೈಪಿನಲ್ಲಿ ನೀರು ಮೂರಡಿ ಮೇಲೇರುವುದೂ ಇಲ್ಲ. ಡ್ರಮ್ ತುಂಬಿದ್ದರೂ ಒಂದೇ, ಖಾಲಿಯಿದ್ದರೂ ಒಂದೇ. ಪರೀಕ್ಷಿಸಿ ನೋಡಿದೆ: ತುಂಬಿದ ಡ್ರಮ್, ನಲ್ಲಿ ಪೂರ್ತಿ ತೆರೆದಾಗ ಸ್ಟ್ಯಾಂಡಿನ ಲೋಟದಲ್ಲಿ 150 ಮಿ.ಲೀ. ನಲ್ಲಿಯನ್ನು ನಿಧಾನವಾಗಿ ಮುಚ್ಚುತ್ತಾ ಬಂದಂತೆ ಮೊದಲು ಸ್ಟ್ಯಾಂಡಿನ ಎಂಟೂ ನಿಂತವು, ನೆಲದ್ದು ತೊಟ್ಟಿಕ್ಕುತ್ತಲೇ ಇತ್ತು.

ಹೀಗಾಗಿ ನಲ್ಲಿ ಸಣ್ಣಗೆ ಬಿಟ್ಟು ಹೋಗುವುದು ಉಳಿತಾಯವೇ ಅಲ್ಲ. ಪೂರ್ತಿ ತೆರೆಯಿರಿ, ಸ್ವಲ್ಪ ಹೊತ್ತು ಬಿಡಿ, ಪೂರ್ತಿ ಮುಚ್ಚಿ. ನಮಗೆ ಬೆಳಗ್ಗೆ ಮುಕ್ಕಾಲು ಗಂಟೆ ಸಾಕು, ನೆಲದ ಕುಂಡಕ್ಕೆ ಒಂದು ಲೀಟರ್, ಸ್ಟ್ಯಾಂಡಿನದಕ್ಕೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಡ್ರಮ್ಮಿನ ಮೂರನೇ ಒಂದು ಭಾಗ ಉಳಿದಾಗ ಮತ್ತೆ ತುಂಬಿಸಬೇಕು. ಬಾಯಾರಿಕೆ ಜಾಸ್ತಿ ಇರುವ ಬದನೆ, ಟೊಮೇಟೊ ನೆಲಕ್ಕಿಳಿಸಿ, ಕಡಿಮೆ ನೀರಿಗೂ ಬದುಕುವ ದೊಡ್ಡಪತ್ರೆ, ಲೋಳೆಸರ ಸ್ಟ್ಯಾಂಡಿಗೆ ಏರಿಸಿದೆ. ಇಷ್ಟಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಅಲ್ಲೊಂದು ಇಲ್ಲೊಂದು ಒಣಗಿದೆ

ಈಗ ಡ್ರಿಪ್ಪರ್ ಬಿಚ್ಚಿ. ಒಳಗಿನದನ್ನು ಬೆರಳಲ್ಲಿ ಉಜ್ಜಿ ನೋಡಿ, ಮೂರರಲ್ಲಿ ಒಂದು.

ಗರಗರ ಅಂದರೆ ಮರಳು, ಮಣ್ಣು. ಡ್ರಿಪ್ಪರ್ ಮಣ್ಣಿನಲ್ಲಿ ಹೂತಿದ್ದರೆ ನಲ್ಲಿ ಮುಚ್ಚಿದಾಗ ಪೈಪಿನ ನೀರು ತಗ್ಗಿಗೆ ಇಳಿಯುತ್ತಾ ಮೇಲಿನ ಡ್ರಿಪ್ಪರುಗಳಿಂದ ಗಾಳಿಯ ಜೊತೆ ಕೆಸರನ್ನೂ ಸೇದಿಕೊಳ್ಳುತ್ತದೆ. ಡ್ರಿಪ್ಪರ್ ಮಣ್ಣಿಗಿಂತ ಒಂದು ಅಂಗುಲ ಮೇಲಿರಲಿ, ಸಣ್ಣ ಕಡ್ಡಿಗೆ ಕಟ್ಟಿಬಿಡಿ.

ಬಿಳಿಯಾಗಿ ಗಟ್ಟಿಯಾಗಿದ್ದರೆ ಸುಣ್ಣ. ಬೋರ್‌ವೆಲ್ ನೀರು, ಆರ್‌ಓ ಬಿಟ್ಟ ನೀರು ಎರಡರಲ್ಲೂ ಲವಣ ಜಾಸ್ತಿ. ಹನಿ ಒಣಗಿದಲ್ಲೆಲ್ಲ ಒಂದು ಚೂರು ಬಿಟ್ಟು ಹೋಗುತ್ತದೆ. ಒಂದು ಬಟ್ಟಲು ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಡ್ರಿಪ್ಪರ್ ಹಾಕಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ನಿಮ್ಮ ಊಹೆ ಸರಿ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಊದಿದರೆ ಪೀಪಿಯಂತೆ ಗಾಳಿ ಬರುತ್ತದೆ.

ಜಾರುತ್ತಿದ್ದರೆ, ವಾಸನೆ ಬರುತ್ತಿದ್ದರೆ ಲೋಳೆ. ಹಸಿರು ಲೋಳೆ ಪಾಚಿ. ಡ್ರಮ್ಮಿಗೆ ಬೆಳಕು ನುಗ್ಗುತ್ತಿದೆ, ಕಪ್ಪು ಬಣ್ಣ ಬಳಿಯಿರಿ ಅಥವಾ ಹಳೇ ಗೋಣಿಚೀಲ ಸುತ್ತಿ. ಬಿಳಿ ಲೋಳೆಯಾದರೆ ಮನೆಯವರನ್ನು ವಿಚಾರಿಸಬೇಕು. ನಮ್ಮಲ್ಲಿ ಒಂದು ವಾರ ಫಿಲ್ಟರ್ ದಿನಾ ಕಟ್ಟುತ್ತಿತ್ತು, ಮುಚ್ಚಳ ತೆಗೆದರೆ ಹುಳಿ ನಾತ. ಅತ್ತೆಯನ್ನು ಕೇಳಿದರೆ, "ಅಕ್ಕಚ್ಚು ಹಾಕ್ತಿದ್ದೆ. ಊರಲ್ಲಿ ಹಸುಗಳಿಗೆ ಕೊಡ್ತಿದ್ದೆವು, ಇಲ್ಲಿ ಹಸು ಇಲ್ಲ, ಗಿಡ ಕುಡೀಲಿ ಅಂತ" ಅಂದರು. ಅಕ್ಕಿ ತೊಳೆದ ನೀರು ಗಿಡಕ್ಕೆ ಬೇಡ ಅಂತಲ್ಲ. ಅದರ ಗಂಜಿ ಏಪ್ರಿಲ್ ಬಿಸಿಲಿಗೆ ಡ್ರಮ್ಮಿನಲ್ಲಿ ಒಂದೇ ದಿನಕ್ಕೆ ಹುಳಿಯುತ್ತದೆ, ಡ್ರಿಪ್ಪರಿನ ಸೂಜಿಮೊನೆಯಂಥ ದಾರಿಗೆ ಅಂಟಿನಂತೆ ಹಿಡಿಯುತ್ತದೆ. ಈಗ ಅಕ್ಕಚ್ಚು ಚೊಂಬಿನಲ್ಲಿ ನೇರ ಕರಿಬೇವಿನ ಬುಡಕ್ಕೆ. ಬೇರೆ ನೀರು ಡ್ರಮ್ಮಿಗೆ ಬೀಳುವಾಗ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತೇವೆ.

ಲೋಳೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವವರಿದ್ದಾರೆ. ಹಾಗೆ ಮಾಡುವುದಾದರೆ ಅದೇ ಪಾತ್ರೆಗೆ ನಿಂಬೆ ಉಪ್ಪನ್ನೋ ವಿನಿಗರನ್ನೋ ಸೇರಿಸಬೇಡಿ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ನಾನು ಬರೀ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜುತ್ತೇನೆ.

ಸೋರಿಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒದ್ದೆ ಕಂಡಲ್ಲಿ ಸೋರಿಕೆ. ಸಣ್ಣ ಪೈಪಿನಲ್ಲಿ ಹಲ್ಲಿನ ಗುರುತು ಕಂಡರೆ ಅಳಿಲು, ಬಾಯಾರಿ ಕಚ್ಚುತ್ತದೆ. ಪಕ್ಕದಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟ ಮೇಲೆ ನಮ್ಮಲ್ಲಿ ಕಚ್ಚುವುದು ನಿಂತಿತು.

ಡ್ರಿಪ್ ಸರಿ ಇದೆ, ಗಿಡ ಬಾಡಿದೆ

ಲೋಟದ ಲೆಕ್ಕ ಸರಿ ಬಂದು ಗಿಡ ಮಾತ್ರ ಬಾಡಿದ್ದರೆ ಮಧ್ಯಾಹ್ನ ತೀರ್ಪು ಕೊಡಬೇಡಿ. ಎರಡು ಗಂಟೆಯ ಬಿಸಿಲಿಗೆ ಕುಂಬಳ, ಬದನೆ ಎಲ್ಲ ಎಲೆ ಜೋಲು ಬಿಡುತ್ತವೆ, ಬೇರು ಎತ್ತಿಕೊಡುವುದಕ್ಕಿಂತ ಎಲೆ ಕಳೆದುಕೊಳ್ಳುವುದು ಆಗ ಜಾಸ್ತಿ. ಸಂಜೆ ತಾವೇ ಎದ್ದು ನಿಲ್ಲುತ್ತವೆ. ಬೆಳಗ್ಗೆ ಆರೂವರೆಗೂ ಜೋಲು ಬಿದ್ದಿದ್ದರೆ ಅದು ನಿಜವಾದ ದೂರು.

ಆಗ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಳಗೆ ಒದ್ದೆ, ಗಿಡ ಬಾಡಿದೆ ಅಂದರೆ ಬೇರು ಕೊಳೆತಿದೆ. ಕುಂಡದ ತೂತಿಗೆ ಮೂಗು ಹಿಡಿದರೆ ಚರಂಡಿಯ ನಾತ. ಇದಕ್ಕೆ ಇನ್ನಷ್ಟು ನೀರು ಹಾಕುವುದೇ ನಾವೆಲ್ಲ ಮಾಡುವ ತಪ್ಪು.

ಮೇಲೆ ಒದ್ದೆ, ಒಳಗೆ ಪುಡಿಪುಡಿ, ಆದರೆ ಕುಂಡದ ಕೆಳಗೆ ನೀರು ಹರಿಯುತ್ತಿದೆ ಅಂದರೆ ಕುಂಡದ ಮಣ್ಣಿಗೆ ಬೆರೆಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುನಿಸಿಕೊಂಡಿದೆ. ಪೂರ್ತಿ ಒಣಗಿದ ಕೋಕೋಪೀಟ್ ನೀರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬದಿಯ ಸಂದಿಯಲ್ಲಿ ಜಾರಿ ಹೋಗುತ್ತದೆ. ಎತ್ತಿ ನೋಡಿದರೆ ಕುಂಡ ಬೆಂಡಿನಷ್ಟು ಹಗುರ. ಅದನ್ನು ಹಾಗೇ ತಂದು ಬಟ್ಟೆ ನೆನೆಸುವ ಟಬ್ಬಿನಲ್ಲಿ ಅರ್ಧ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ. ಆಮೇಲೆ ಒಂದು ಡ್ರಿಪ್ಪರಿನ ಜಾಗದಲ್ಲಿ ಎರಡು ಹಾಕಿ, ಮೇಲೆ ತೆಂಗಿನ ನಾರೋ ಒಣ ಎಲೆಯೋ ಹೊದಿಸಿ. ಜ್ಯೂಸ್ ಅಂಗಡಿಯಿಂದ ಕಬ್ಬಿನ ಸಿಪ್ಪೆ ಬಿಟ್ಟಿ ಸಿಗುತ್ತದೆ ಅಂತ ತಂದು ಹೊದಿಸಿ ನಾನು ಒಂದು ತಿಂಗಳು ಇರುವೆ ಸಾಕಿದೆ.

ಎಲೆಯ ಅಂಚು ಸುಟ್ಟಂತಾಗಿ ಕುಂಡದ ಬಾಯಿಗೆ ಬಿಳಿ ಪಟ್ಟೆ ಕಟ್ಟಿದ್ದರೆ ಲವಣ ಜಮಾ ಆಗಿದೆ. ಆರ್‌ಓ ಬಿಟ್ಟ ನೀರನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ಭರಣಿ ಮಳೆ ಸುರಿದ ದಿನ ಆ ಕುಂಡಗಳನ್ನು ಬಯಲಿಗೆ ತಳ್ಳಿದರೆ ತಳದ ತೂತಿನಿಂದ ಉಪ್ಪೆಲ್ಲ ತೊಳೆದುಹೋಗುತ್ತದೆ.

ಟೊಮೇಟೊ ಹೂ ಉದುರಿದರೆ ಡ್ರಿಪ್ಪನ್ನು ಬೈಯಬೇಡಿ, 35 ಡಿಗ್ರಿ ದಾಟಿದ ಮೇಲೆ ಪರಾಗಕ್ಕೆ ಬಲವಿರುವುದಿಲ್ಲ. ಮಧ್ಯಾಹ್ನಕ್ಕೆ ಹಳೇ ಕಾಟನ್ ಸೀರೆಯ ನೆರಳು ಕಟ್ಟಿ. ಕಾಯಿಯ ತಳ ಕಪ್ಪಗೆ ಕೊಳೆತರೆ ಮಾತ್ರ ಅನುಮಾನ ಮತ್ತೆ ನೀರಿನ ಮೇಲೇ: ಒಂದು ದಿನ ಕೆಸರು, ಎರಡು ದಿನ ಬರ ಅಂತ ಆದಾಗ ಕ್ಯಾಲ್ಸಿಯಂ ಕಾಯಿಯವರೆಗೆ ತಲುಪುವುದಿಲ್ಲ.

ಮತ್ತೆ ಊರಿಗೆ ಹೊರಟಾಗ

ಮೇ ಕೊನೆಗೆ ಮತ್ತೆ ನಾಲ್ಕು ದಿನ ಅರಸೀಕೆರೆ. ಈ ಸಲ ಡ್ರಮ್ ಕಂಠಮಟ್ಟ ತುಂಬಿಸಿ, ಫಿಲ್ಟರ್ ತೊಳೆದು, ಎಂಡ್ ಕ್ಯಾಪ್ ಬಿಚ್ಚಿ ಗಾಳಿ ತೆಗೆದು, ಸ್ಟ್ಯಾಂಡಿನ ಕುಂಡಗಳನ್ನೂ ನೆಲಕ್ಕಿಳಿಸಿ, ಪಕ್ಕದ ಮನೆಯ ಆಂಟಿಗೆ ಬೀಗದ ಕೈ ಕೊಟ್ಟೆ. ಬೆಳಗ್ಗೆ ಕಾಫಿಗೆ ಮುಂಚೆ ನಲ್ಲಿ ಪೂರ್ತಿ ತೆರೆಯುವುದು, ಕಾಫಿ, ಪೇಪರ್ ಮುಗಿದ ಮೇಲೆ ಪೂರ್ತಿ ಮುಚ್ಚುವುದು, ಅಷ್ಟೇ ಕೆಲಸ.

ಎರಡನೇ ದಿನ ಬೆಳಗ್ಗೆ ಫೋನು. "ನೀರೇ ಬರ್ತಿಲ್ಲ ಕಣ್ರೀ. ನಲ್ಲಿ ಫುಲ್ ಓಪನ್ ಮಾಡಿದೀನಿ."

"ಡ್ರಮ್ಮಿನಲ್ಲಿ ನೀರಿದೆಯಾ ಆಂಟಿ?"

"ತಟ್ಟಿ ನೋಡ್ದೆ, ಮುಕ್ಕಾಲು ಇದೆ ಅನ್ಸತ್ತೆ."

"ಒಂದು ಸಲ ಮುಚ್ಚಳ ತೆಗೀರಿ."

ಆ ಕಡೆ ಸ್ವಲ್ಪ ಹೊತ್ತು ಏನೋ ಸರಸರ ಸದ್ದು. ಆಮೇಲೆ ದೂರದಿಂದ ಗುಳ್ ಅಂದದ್ದು ನನಗೂ ಕೇಳಿಸಿತು.

"ಹಾಂ, ಬಂತು ಬಂತು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಯಾರೋ ಸಬ್ಬಕ್ಕಿ ಸಂಡಿಗೆ ಹಾಕಿದಾರೆ ಕಣ್ರೀ, ಹಾಳೆ ಆ ತೂತಿಗೆ ಅಂಟ್ಕೊಂಡ್ಬಿಟ್ಟಿತ್ತು. ಸಂಡಿಗೆ ಒಣಗಿದೆ. ಡಬ್ಬಕ್ಕೆ ತುಂಬಿಡ್ಲಾ?"

ಅತ್ತೆ ಎದುರಿಗೇ ಕೂತು ಕಾಳು ಬಿಡಿಸುತ್ತಿದ್ದರು. "ತುಂಬಿಡೋಕೆ ಹೇಳು," ಅಂದರು ತಲೆ ಎತ್ತದೆ, "ಸ್ವಲ್ಪ ಅವರಿಗೂ ಇಟ್ಕೊಳ್ಳೋಕೆ ಹೇಳು."